ಹಳೆಯ ಕಾರಿನ ವೈಪರ್ ಮಳೆಯಲ್ಲಿ ಕೈಕೊಟ್ಟಾಗ

ಇವತ್ತಿನ ಮಾತು ಬಿತ್ತನೆಯದಲ್ಲ, ಗೊಬ್ಬರದ್ದೂ ಅಲ್ಲ. ಕಾರಿನ ಮುಂದಿನ ಗಾಜು ಒರೆಸುವ ವೈಪರು, ಆ ಗಾಜಿಗೆ ನೀರು ಚಿಮ್ಮಿಸುವ ವಾಷರು, ಇವೆರಡರ ಕರೆಂಟಿನ ತೊಂದರೆಗಳದ್ದು. ಒಕ್ಕಲುತನದ ಕಾರ್ಯಕ್ರಮದಲ್ಲಿ ಕಾರಿಗೇನು ಕೆಲಸ ಎಂದು ಯಾರಾದರೂ ನಕ್ಕರೆ ನಗಲಿ. ಮಲೆನಾಡಿನಲ್ಲಿ ಈಗ ಎಷ್ಟೋ ಮನೆಗಳ ಅಂಗಳದಲ್ಲಿ, ಅಡಿಕೆ ಸೋಗೆಯ ಮಾಡಿನ ಕೆಳಗೆ, ಒಂದು ಹಳೆಯ ಓಮ್ನಿಯೋ ಜೀಪೋ ಮಾರುತಿ 800 ಕಾರೋ ನಿಂತಿರುತ್ತದೆ. ಮಾರುತಿ 800 ತಯಾರಾಗುವುದು 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ ನಿಂತಿತು. ಕಾರ್ಖಾನೆ ನಿಲ್ಲಿಸಿತೆಂದು ನಮ್ಮ ಕೆಲಸ ನಿಲ್ಲುತ್ತದೆಯೇ? ಡೈರಿಗೆ ಹಾಲು ಹೋಗುವುದು ಅದರಲ್ಲೇ, ಸಂತೆಗೆ ಬಾಳೆಗೊನೆ ಹೋಗುವುದು ಅದರಲ್ಲೇ, ಅವೇಳೆಯಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲೇ. ಮಳೆ ಹಿಡಿದ ಮೇಲೆ ಇಂಥ ಗಾಡಿಗೆ ಬ್ರೇಕು ಎಷ್ಟು ಮುಖ್ಯವೋ ವೈಪರೂ ಅಷ್ಟೇ ಮುಖ್ಯ. ಮುಂದೆ ಇರುವುದು ಕಂಡರೆ ತಾನೆ ಬ್ರೇಕು ಒತ್ತುವುದು?

ಎರಡು ಮಳೆಗಾಲದ ಹಿಂದಿನ ಮಾತು. ಜೂನ್ ತಿಂಗಳ ಕೊನೆಯ ವಾರ. ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ತಮ್ಮ ಓಮ್ನಿಯನ್ನು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ನಾನು ಪಂಪ್‌ಸೆಟ್ಟಿನ ಮೋಟಾರಿಗೆ ವೈಂಡಿಂಗ್ ಮಾಡುವವನು. ಜೊತೆಗೆ ಗಾಡಿಗಳ ವೈರಿಂಗ್ ಕೆಲಸವೂ ಉಂಟು. ಗೌಡರು ಇಳಿದವರೇ ಹೇಳಿದರು:

"ಹೊಸಾ ವೈಪರ್ ಮೋಟಾರು ಹಾಕ್ಸಿ ಹದಿನೈದು ದಿನ ಆಗ್ಲಿಲ್ಲ ಮಾರಾಯ, ಮತ್ತೆ ಅದೇ ಕತೆ. ನಿನ್ನೆ ಸಂಜೆ ಒಂದು ಜೀವ ಹೋಗ್ತಿತ್ತು."

"ಎಂತ ಆಯ್ತು ಗೌಡ್ರೇ, ಸಮಾಧಾನವಾಗಿ ಹೇಳಿ" ಎಂದೆ.

ಪೇಟೆಯಿಂದ ಔಷಧಿ ತೆಗೆದುಕೊಂಡು ಹಿಂದಿರುಗುತ್ತಿದ್ದರಂತೆ. ಕತ್ತಲಾಗುವ ಹೊತ್ತು, ದೊಡ್ಡ ಮಳೆ. ದೀಪ ಹಾಕಿದ್ದಾರೆ. ದೀಪ ಹಾಕಿದ ಮೇಲೆ ವೈಪರು ನಿಧಾನವಾಯಿತು, ತೆವಳಿತು, ಕಡೆಗೆ ಗಾಜಿನ ನಡುವೆ ನಿಂತೇಬಿಟ್ಟಿತು. ಮುಂದೆ ಮೋರಿಯ ತಿರುವು. ಕಂಬಳಿ ಕೊಪ್ಪೆ ಹಾಕಿಕೊಂಡು ಹಸು ಹೊಡೆದುಕೊಂಡು ಬರುತ್ತಿದ್ದ ಹೆಂಗಸು ಇವರಿಗೆ ಕಂಡದ್ದು ಹತ್ತು ಅಡಿ ದೂರಕ್ಕೆ ಬಂದ ಮೇಲೆ. ಹಸುವಿನ ಹಿಂಗಾಲಿಗೆ ಗಾಡಿ ತಾಗಿತು. ಹೆಂಗಸಿಗೆ ಏನೂ ಆಗಲಿಲ್ಲ.

"ನನ್ನ ಮಗಳನ್ನ ಎತ್ತಿ ಆಡಿಸಿದ ಹೆಂಗಸು ಅದು. ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ" ಎಂದರು ಗೌಡರು. "ಈ ಮೋಟಾರನ್ನೂ ಕಿತ್ತು ಬಿಸಾಕು. ಇನ್ನೊಂದು ಹಾಕು."

ನಾನು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂಬುದೇ ಇವತ್ತು ನಿಮಗೆ ಹೇಳಬೇಕಾದ ವಿಷಯ.

ನಿಮ್ಮ ಬಾವಿಯ ಪಂಪು ಓಡದಿದ್ದರೆ ನೀವು ಮೊದಲ ದಿನವೇ ಮೋಟಾರು ಬಿಚ್ಚುತ್ತೀರೇನು? ಇಲ್ಲ. ಕರೆಂಟು ಇದೆಯೇ ನೋಡುತ್ತೀರಿ, ಫ್ಯೂಸು ನೋಡುತ್ತೀರಿ, ಸ್ಟಾರ್ಟರಿಗೆ ಇರುವೆ ಹೊಕ್ಕಿದೆಯೇ ನೋಡುತ್ತೀರಿ. ಆದರೆ ಅದೇ ಮನುಷ್ಯ ಕಾರಿನ ವೈಪರು ನಿಂತೊಡನೆ "ಮೋಟಾರು ಹೋಯ್ತು" ಎಂದು ತೀರ್ಮಾನ ಮಾಡಿಬಿಡುತ್ತಾನೆ. ನನ್ನ ಅನುಭವದಲ್ಲಿ ಹಳೆಯ ಗಾಡಿಗಳಲ್ಲಿ ಮೋಟಾರಿಗಿಂತ ಹೆಚ್ಚು ಕೆಡುವುದು ಮೋಟಾರಿಗೆ ಕರೆಂಟು ಹೋಗಿ ಬರುವ ದಾರಿ. ಹೋಗಿ ಬರುವ ದಾರಿ ಎಂದೆ, ಗಮನಿಸಿ. ಕಾಲುವೆಯ ನೀರು ಒಂದೇ ಕಡೆ ಹರಿದು ಗದ್ದೆಯಲ್ಲಿ ಇಂಗಿಹೋಗುತ್ತದೆ. ಕರೆಂಟು ಹಾಗಲ್ಲ. ಬ್ಯಾಟರಿಯಿಂದ ಹೊರಟದ್ದು ಮತ್ತೆ ಬ್ಯಾಟರಿಗೆ ಬಂದು ಸೇರಲೇಬೇಕು. ಹಿಂದಿರುಗುವ ದಾರಿ ಕಟ್ಟಿಹೋದರೆ ಹೋಗುವ ಕರೆಂಟೂ ನಿಲ್ಲುತ್ತದೆ.

ಕಾರಿನಲ್ಲಿ ಹೋಗುವ ದಾರಿ ತಂತಿಯದ್ದು. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಕೀಲಿ ಸ್ವಿಚ್ಚು, ಫ್ಯೂಸು, ಸ್ಟಿಯರಿಂಗ್ ಪಕ್ಕದ ವೈಪರ್ ಸ್ವಿಚ್ಚು, ಆಮೇಲೆ ಮೋಟಾರು. ಬರುವ ದಾರಿಗೆ ಉದ್ದಕ್ಕೂ ತಂತಿ ಎಳೆದಿರುವುದಿಲ್ಲ. ಗಾಡಿಯ ತಗಡಿನ ಬಾಡಿಯೇ ತಂತಿ. ಮೋಟಾರಿನಿಂದ ಒಂದು ಗೇಣುದ್ದದ ತಂತಿ ಬಂದು ಬಾಡಿಗೆ ಸ್ಕ್ರೂ ಹಾಕಿ ಕೂತಿರುತ್ತದೆ, ಇಲ್ಲವೇ ಮೋಟಾರನ್ನು ಕೂರಿಸಿದ ಬೋಲ್ಟೇ ಆ ಕೆಲಸ ಮಾಡುತ್ತದೆ. ಇದಕ್ಕೆ ಅರ್ಥಿಂಗ್ ಎನ್ನುತ್ತೇವೆ. ಬ್ಯಾಟರಿಯ ನೆಗೆಟಿವ್ ತುದಿಯೂ ಬಾಡಿಗೇ ಕಟ್ಟಿರುತ್ತದೆ. ಬಹಳ ಹಳೆಯ ಕೆಲವು ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಮಾತ್ರ ಪಾಸಿಟಿವ್ ತುದಿಯನ್ನು ಬಾಡಿಗೆ ಕಟ್ಟುತ್ತಿದ್ದರು. ಅಂಥ ಗಾಡಿ ನಿಮ್ಮಲ್ಲಿದ್ದರೆ ಮೊದಲು ಬ್ಯಾಟರಿ ನೋಡಿಕೊಂಡು ಮುಂದುವರಿಯಿರಿ.

ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುವುದಕ್ಕೆ ಒಂದು ದೀಪ ಬೇಕು. ಮನೆಯಲ್ಲಿ ಜೇಬಿಗೆ ಸಿಕ್ಕಿಸಿಕೊಳ್ಳುವ ಟೆಸ್ಟರು ಇದೆಯಲ್ಲ ಎನ್ನಬೇಡಿ. ಅದು 230 ವೋಲ್ಟಿನ ಮನೆ ಕರೆಂಟಿಗೆ ಮಾಡಿದ್ದು. ಕಾರಿನದು 12 ವೋಲ್ಟು. ಅದಕ್ಕೆ ಆ ಟೆಸ್ಟರು ಉರಿಯುವುದೇ ಇಲ್ಲ. ಟೆಸ್ಟರು ಉರಿಯಲಿಲ್ಲ ಎಂದು "ಕರೆಂಟೇ ಬರ್ತಿಲ್ಲ" ಎಂದುಕೊಂಡು ವೈರಿಂಗೆಲ್ಲ ಕಿತ್ತುಹಾಕಿದವರನ್ನು ನಾನು ಕಂಡಿದ್ದೇನೆ. ಸ್ಕೂಟರಿನ ಹಳೆಯ 12 ವೋಲ್ಟು ಇಂಡಿಕೇಟರ್ ಬಲ್ಬು ಒಂದನ್ನು ತೆಗೆದುಕೊಳ್ಳಿ. ಅದಕ್ಕೆ ಎರಡು ಮಾರುದ್ದದ ಎರಡು ತಂತಿ ಬೆಸೆಯಿರಿ. ಒಂದರ ತುದಿಗೆ ಮೊಸಳೆ ಬಾಯಿಯ ಕ್ಲಿಪ್ಪು, ಇನ್ನೊಂದರ ತುದಿಗೆ ಚೂಪಾದ ಮೊಳೆ. ಇಷ್ಟೇ ಟೆಸ್ಟ್ ಲ್ಯಾಂಪು. ಮೀಟರು ಇದ್ದವರು ಮೀಟರು ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಹತ್ತು ಎಳೆಯ ತಂತಿಯಲ್ಲಿ ಒಂಬತ್ತು ಎಳೆ ಹರಿದು ಒಂದೇ ಎಳೆ ಉಳಿದಿದ್ದರೂ ಬರಿಯ ಮೀಟರು 12 ವೋಲ್ಟು ತೋರಿಸಿ ಸುಳ್ಳು ಹೇಳಬಹುದು. ಬಲ್ಬು ಹಾಗಲ್ಲ, ಅದು ಕರೆಂಟು ತಿನ್ನುತ್ತದೆ. ದಾರಿ ತೀರಾ ಕೆಟ್ಟಿದ್ದರೆ ಮಂಕಾಗಿ ಹೇಳಿಬಿಡುತ್ತದೆ. ಒಂದು ಎಚ್ಚರಿಕೆ: ಗಾಳಿಚೀಲ ಮತ್ತು ಕಂಪ್ಯೂಟರು ಇರುವ ಹೊಸ ಗಾಡಿಗಳ ತಂತಿಗೆ ಈ ಬಲ್ಬಿನ ಮೊಳೆ ಚುಚ್ಚಬೇಡಿ. ಇದು ಹಳೆಯ, ಸರಳವಾದ ಗಾಡಿಗಳಿಗೆ.

ಮೊದಲು ಫ್ಯೂಸು. ಗಾಡಿಯ ಕೀಲಿ ತಿರುಗಿಸಿ, ಎಂಜಿನ್ ಹೊಡೆಯಬೇಡಿ. ವೈಪರ್ ಸ್ವಿಚ್ಚು ಹಾಕಿ. ದೀಪದ ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವಿಗೆ ಕಚ್ಚಿಸಿ, ಮೊಳೆಯನ್ನು ವೈಪರಿನ ಫ್ಯೂಸಿನ ಒಂದು ತುದಿಗೆ ಮುಟ್ಟಿಸಿ, ಆಮೇಲೆ ಇನ್ನೊಂದು ತುದಿಗೆ. ಎರಡೂ ಕಡೆ ಉರಿದರೆ ಫ್ಯೂಸು ಸರಿ. ಒಂದು ಕಡೆ ಉರಿದು ಇನ್ನೊಂದು ಕಡೆ ಉರಿಯದಿದ್ದರೆ ಫ್ಯೂಸು ಹೋಗಿದೆ. ಎರಡೂ ಕಡೆ ಉರಿಯದಿದ್ದರೆ ಫ್ಯೂಸಿನ ತನಕ ಕರೆಂಟೇ ಬಂದಿಲ್ಲ. ತೊಂದರೆ ಕೀಲಿಯ ಕಡೆಗಿದೆ. ಕೊಳವೆಯಂಥ ಗಾಜಿನ ಫ್ಯೂಸು ಇರುವ ಗಾಡಿಗಳಲ್ಲಿ ಇನ್ನೊಂದು ಮೋಸ ಉಂಟು. ಒಳಗಿನ ಎಳೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದನ್ನು ಹಿಡಿದ ತಗಡಿಗೆ ಹಸಿರು ಕಿಲುಬು ಹಿಡಿದು ಸಂಪರ್ಕ ತಪ್ಪಿರುತ್ತದೆ. ಫ್ಯೂಸನ್ನು ಬೆರಳಿನಿಂದ ಎರಡು ಸಲ ತಿರುಗಿಸಿ ನೋಡಿ. ವೈಪರು ಎದ್ದರೆ ಕಾರಣ ಅದೇ. ತೆಗೆದು ಎಮರಿ ಕಾಗದದಿಂದ ಉಜ್ಜಿ ಹಾಕಿ.

ಫ್ಯೂಸು ಸುಟ್ಟಿದ್ದರೆ ಅದರ ಮೇಲೆ ಬರೆದ ಆಂಪಿಯರಿನದೇ ಹಾಕಬೇಕು. 10 ಇದ್ದರೆ 10, 15 ಇದ್ದರೆ 15. ಪಂಪ್‌ಸೆಟ್ಟಿಗೆ ತಾಮ್ರದ ತಂತಿ ಸುತ್ತುವ ನಮ್ಮ ಕೆಟ್ಟ ಅಭ್ಯಾಸವನ್ನು ಕಾರಿಗೆ ತರಬೇಡಿ. ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದವರೂ ಇದ್ದಾರೆ. ಫ್ಯೂಸು ಸುಟ್ಟುಕೊಳ್ಳುವುದು ತಂತಿ ಸುಡಬಾರದೆಂದು. ನೀವು ಫ್ಯೂಸನ್ನು ಗಟ್ಟಿ ಮಾಡಿದರೆ ತಂತಿ ಸುಡುತ್ತದೆ, ತಂತಿಯ ಹಿಂದೆ ಗಾಡಿಯೂ ಸುಡುತ್ತದೆ. ಓಮ್ನಿಯಲ್ಲಂತೂ ನೀವು ಕೂತಿರುವುದೇ ಎಂಜಿನ್ನಿನ ಮೇಲೆ. ಹೊಸ ಫ್ಯೂಸು ಹಾಕಿದೊಡನೆ ಮತ್ತೆ ಸುಟ್ಟರೆ ಎಲ್ಲೋ ತಂತಿಯ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ, ಇಲ್ಲವೇ ಮೋಟಾರು ಬಿಗಿದು ತಿರುಗಲಾರದೆ ನಿಂತಿದೆ ಎಂದು ತಿಳಿಯಿರಿ.

ಇಲ್ಲಿ ಇಲಿಯ ಮಾತು ಹೇಳಲೇಬೇಕು. ಭತ್ತದ ಚೀಲ ಪೇರಿಸಿದ ಕೊಟ್ಟಿಗೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ನಾವು. ಇಲಿಗೆ ಎಂಜಿನ್ನಿನ ಬಿಸಿ ಹಿತವಾಗುತ್ತದೆ. ಅಲ್ಲಿಗೆ ಬಂದದ್ದು ತಂತಿಯ ಸಿಪ್ಪೆ ಕಡಿಯುತ್ತದೆ. ವೈಪರಿನ ತಂತಿಯ ಕಟ್ಟು ಗಾಜಿನ ಬುಡದಲ್ಲಿ ಹಾದುಹೋಗುವ ಕಡೆ ಬೆರಳಾಡಿಸಿ ನೋಡಿ. ಹಿಕ್ಕೆ ಕಂಡರೆ ಕಡಿತವೂ ಕಾಣುತ್ತದೆ.

ಫ್ಯೂಸು ಸರಿಯಿದ್ದರೆ ಮೋಟಾರಿನ ಹತ್ತಿರ ಹೋಗೋಣ. ಅಲ್ಲಿ ನಾಲ್ಕೈದು ತಂತಿ ಸೇರುವ ಪ್ಲಾಸ್ಟಿಕ್ ಕಪ್ಲರು ಇರುತ್ತದೆ. ಎರಡು ವೇಗದ ವೈಪರಿನಲ್ಲಿ ಸಾಮಾನ್ಯವಾಗಿ ನಿಧಾನದ್ದೊಂದು ತಂತಿ, ಜೋರಿನದ್ದೊಂದು, ಕೀಲಿ ತಿರುಗಿಸಿದೊಡನೆ ಕರೆಂಟು ಬಂದು ಕಾಯುವ ತಂತಿ ಒಂದು, ಮೋಟಾರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದಕ್ಕೆ ಒಂದು, ಮತ್ತೆ ಅರ್ಥಿಂಗ್. ತಂತಿಯ ಬಣ್ಣ ಗಾಡಿಯಿಂದ ಗಾಡಿಗೆ ಬೇರೆ. ಬಣ್ಣ ನಂಬಬೇಡಿ, ದೀಪ ನಂಬಿ. ಸ್ವಿಚ್ಚನ್ನು ನಿಧಾನಕ್ಕೆ ಹಾಕಿದಾಗ ನಿಧಾನದ ತಂತಿಯಲ್ಲಿ ದೀಪ ಉರಿಯಬೇಕು, ಜೋರಿಗೆ ಹಾಕಿದಾಗ ಜೋರಿನ ತಂತಿಯಲ್ಲಿ. ಫ್ಯೂಸಿನಲ್ಲಿ ಉರಿದ ದೀಪ ಇಲ್ಲಿ ಉರಿಯದಿದ್ದರೆ ನಡುವಿನ ಸ್ವಿಚ್ಚನ್ನೋ ಅದರ ಕಪ್ಲರನ್ನೋ ಹಿಡಿಯಿರಿ. ಕೆಲವು ಗಾಡಿಗಳಲ್ಲಿ ಸ್ವಿಚ್ಚನ್ನು ಅರ್ಥಿಂಗಿನ ಕಡೆ ಇಟ್ಟಿರುತ್ತಾರೆ. ಅಲ್ಲಿ ದೀಪದ ಕ್ಲಿಪ್ಪನ್ನು ಬ್ಯಾಟರಿಯ ಪಾಸಿಟಿವಿಗೆ ಕಚ್ಚಿಸಿ ಪರೀಕ್ಷೆ ಮಾಡಬೇಕಾಗುತ್ತದೆ.

ಗೌಡರ ಗಾಡಿಯಲ್ಲಿ ಇಷ್ಟೂ ಸರಿಯಾಗಿತ್ತು. ಫ್ಯೂಸು ಸರಿ, ಸ್ವಿಚ್ಚು ಸರಿ, ಮೋಟಾರಿನ ಬಾಯಿಗೆ ಕರೆಂಟು ಬಂದು ನಿಂತಿದೆ, ದೀಪ ಬೆಳ್ಳಗೆ ಉರಿಯಿತು. ಗೌಡರು, "ನೋಡ್ದ್ಯಾ, ಕರೆಂಟ್ ಇದೆ. ಹಂಗಾದ್ರೆ ಮೋಟಾರೇ ಸೈ" ಎಂದರು. ಹಿಂದೆ ಮೋಟಾರು ಬದಲಿಸಿದವರೂ ಇಲ್ಲಿಯೇ ನಿಂತಿರಬೇಕು. ಅರ್ಧ ದಾರಿ ಮಾತ್ರ ನೋಡಿದ್ದಾಗಿತ್ತು.

ಇದುವರೆಗೆ ದೀಪದ ಕ್ಲಿಪ್ಪು ಬ್ಯಾಟರಿಯ ನೆಗೆಟಿವಿನಲ್ಲಿತ್ತು ಅಲ್ಲವೇ? ಅಂದರೆ ಹಿಂದಿರುಗುವ ದಾರಿಯನ್ನು ನಾನೇ ತಂತಿ ಹಾಕಿ ಕೊಟ್ಟಿದ್ದೆ. ಈಗ ಆ ಕ್ಲಿಪ್ಪನ್ನು ಅಲ್ಲಿಂದ ತೆಗೆದು ಮೋಟಾರಿನ ಅರ್ಥಿಂಗ್ ತಂತಿಗೇ ಕಚ್ಚಿಸಿದೆ. ಬೆಳ್ಳಗೆ ಉರಿಯುತ್ತಿದ್ದ ದೀಪ ಕೆಂಡದ ಹಾಗೆ ಕೆಂಪಗಾಯಿತು. "ಈಗ ಹೆಡ್‌ಲೈಟು ಹಾಕಿ" ಎಂದೆ. ಹಾಕಿದರು. ಇದ್ದ ಕೆಂಪೂ ಹೋಯಿತು.

ಗೌಡರು ಏನೂ ಮಾತಾಡಲಿಲ್ಲ.

ಒಂದು ದಪ್ಪ ತಂತಿಯನ್ನು ಬ್ಯಾಟರಿಯ ನೆಗೆಟಿವಿನಿಂದ ಎಳೆದು ಮೋಟಾರಿನ ಅರ್ಥಿಂಗಿಗೆ ಮುಟ್ಟಿಸಿದೆ. ವೈಪರು ದಡಕ್ಕನೆ ಎದ್ದು ಗಾಜಿನ ಮೇಲೆ ಓಡಾಡತೊಡಗಿತು, ಹೆಡ್‌ಲೈಟು ಉರಿಯುತ್ತಿರುವಾಗಲೇ. ಅರ್ಥಿಂಗಿನ ಸ್ಕ್ರೂ ಬಿಚ್ಚಿದರೆ ಅದರ ಕೆಳಗೆ ತಗಡು ತುಕ್ಕು ಹಿಡಿದು ಹುಡಿಯಾಗಿದೆ. ಅದೇ ಸ್ಕ್ರೂವಿಗೆ ಹೆಡ್‌ಲೈಟಿನ ಅರ್ಥಿಂಗನ್ನೂ ಯಾವ ಕಾಲದಲ್ಲೋ ಯಾರೋ ತಂದು ಕಟ್ಟಿದ್ದರು. ದೀಪ ಹಾಕಿದಾಗ ಆ ಇಕ್ಕಟ್ಟು ದಾರಿಯಲ್ಲಿ ದೀಪದ ಕರೆಂಟೂ ನುಗ್ಗಿ ವೈಪರಿಗೆ ಜಾಗವಿಲ್ಲದೆ ಹೋಗುತ್ತಿತ್ತು. ಹೊಸ ಮೋಟಾರು ಹಾಕಿದ ಮೇಲೆ ನಾಲ್ಕು ದಿನ ಯಾಕೆ ಓಡಿತು ಎಂದು ನೀವು ಕೇಳಬಹುದು. ಮೋಟಾರು ಬದಲಿಸುವಾಗ ಸ್ಕ್ರೂ ಬಿಚ್ಚಿ ಹಾಕಿದರಲ್ಲ, ಆ ತಿಕ್ಕಾಟದಲ್ಲಿ ತುಕ್ಕು ಸ್ವಲ್ಪ ಉದುರಿತ್ತು. ಮಳೆ ನೀರು ಮತ್ತು ರಸ್ತೆಯ ಕುಲುಕಾಟ ಸೇರಿ ಮತ್ತೆ ಮೊದಲಿನಂತೆ ಮಾಡಿದವು.

ತಗಡನ್ನು ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿದೆ. ಹಲ್ಲಿರುವ ವಾಷರು ಹಾಕಿ ಸ್ಕ್ರೂ ಬಿಗಿದೆ. ಮೇಲೆ ಸ್ವಲ್ಪ ಗ್ರೀಸು ಸವರಿದೆ. ದೀಪದ ತಂತಿಯನ್ನು ಬೇರೆ ಕಡೆಗೆ ತಿರುಗಿಸಿ ಕಟ್ಟಿದೆ. ಅರ್ಧ ಗಂಟೆಯ ಕೆಲಸ. ಮೀಟರು ಇದ್ದವರು ಇದನ್ನು ಅಂಕಿಯಲ್ಲೂ ನೋಡಬಹುದು: ವೈಪರು ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದು ಮೋಟಾರಿನ ಅರ್ಥಿಂಗಿಗೆ. ಸೊನ್ನೆಯ ಹತ್ತಿರವೇ, 0.2 ವೋಲ್ಟಿನ ಒಳಗೆ ಇರಬೇಕು. ಅರ್ಧ ವೋಲ್ಟು ದಾಟಿದರೆ ದಾರಿ ಕೆಟ್ಟಿದೆ.

ಈಗ ಮೋಟಾರಿನದೇ ತಪ್ಪು ಇರುವ ಸಂದರ್ಭಗಳು. ಕರೆಂಟು ಬಂದಿದೆ, ಅರ್ಥಿಂಗೂ ಸರಿಯಾಗಿದೆ, ಆದರೂ ಮಿಸುಕುವುದಿಲ್ಲ ಎಂದಾದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿನ ಮೈಮೇಲೆ ಮೆಲ್ಲಗೆ ತಟ್ಟಿ. ತಟ್ಟಿದಾಗ ಹೊರಟರೆ ಒಳಗಿನ ಕಾರ್ಬನ್ ಸವೆದಿದೆ. ಎರಡು ವೇಗದ ಮೋಟಾರುಗಳಲ್ಲಿ ಬಹುಮಟ್ಟಿಗೆ ಮೂರು ಕಾರ್ಬನ್ ಇರುತ್ತವೆ. ಒಂದು ಎರಡು ವೇಗಕ್ಕೂ ಸೇರಿದ್ದು, ಒಂದು ನಿಧಾನಕ್ಕೆ, ಮೂರನೆಯದನ್ನು ಸ್ವಲ್ಪ ಓರೆಯಾಗಿ ಕೂರಿಸಿರುತ್ತಾರೆ, ಅದು ಜೋರಿಗೆ. ಆದ್ದರಿಂದ ನಿಧಾನ ಓಡುತ್ತದೆ, ಜೋರು ಓಡುವುದಿಲ್ಲ ಎಂದರೆ ಮೋಟಾರು ಸತ್ತಿಲ್ಲ. ಒಂದು ಕಾರ್ಬನ್ನೋ, ಒಂದು ತಂತಿಯೋ, ಸ್ವಿಚ್ಚಿನ ಒಂದು ಬಿಂದುವೋ ಹೋಗಿದೆ. ಆಗಾಗ ನಿಂತು ನಿಂತು ಒರೆಸುವ ವ್ಯವಸ್ಥೆ ಇರುವ ಗಾಡಿಯಲ್ಲಿ ಅದೊಂದೇ ಕೆಟ್ಟು ಉಳಿದೆರಡೂ ಸರಿಯಿದ್ದರೆ ರಿಲೇ ನೋಡಿ.

ಕೆಲವರ ವೈಪರು ಸ್ವಿಚ್ಚು ತೆಗೆದ ಜಾಗದಲ್ಲೇ, ಕಣ್ಣೆದುರಿಗೇ ನಿಂತುಬಿಡುತ್ತದೆ. ಸಂಜೆ ಬಿಟ್ಟ ದನ ತಾನಾಗಿ ತನ್ನ ಗೂಟಕ್ಕೆ ಹೋಗಿ ನಿಲ್ಲುವಂತೆ ವೈಪರು ಗಾಜಿನ ಬುಡಕ್ಕೆ ಹೋಗಿ ಮಲಗಬೇಕು. ಅದಕ್ಕಾಗಿ ಮೋಟಾರಿನ ಗೇರಿನ ಪೆಟ್ಟಿಗೆಯೊಳಗೆ ಒಂದು ಸಣ್ಣ ಸ್ವಿಚ್ಚು ಉಂಟು. ನೀವು ಸ್ವಿಚ್ಚು ತೆಗೆದರೂ ಆ ಕಾಯುವ ತಂತಿಯ ಕರೆಂಟು ಈ ಸಣ್ಣ ಸ್ವಿಚ್ಚಿನ ಮೂಲಕ ಮೋಟಾರನ್ನು ಇನ್ನಷ್ಟು ದೂರ ನಡೆಸುತ್ತದೆ. ಬುಡ ಮುಟ್ಟಿದೊಡನೆ ಕರೆಂಟು ಕಡಿದು, ಮೋಟಾರಿನ ತಂತಿಯನ್ನು ಅರ್ಥಿಂಗಿಗೆ ಸೇರಿಸಿ ಗಕ್ಕನೆ ನಿಲ್ಲಿಸುತ್ತದೆ. ನಡುವೆಯೇ ನಿಲ್ಲುವುದಾದರೆ ಕಾಯುವ ತಂತಿಯಲ್ಲಿ ಕರೆಂಟಿಲ್ಲ, ಅಥವಾ ಆ ಸಣ್ಣ ಸ್ವಿಚ್ಚಿನ ತಗಡಿಗೆ ಹಳೆಯ ಗ್ರೀಸು ಕಪ್ಪಾಗಿ ಕಟ್ಟಿದೆ. ಸ್ವಿಚ್ಚು ತೆಗೆದರೂ ನಿಲ್ಲುವುದೇ ಇಲ್ಲ ಎಂದರೂ ನೋಡಬೇಕಾದ್ದು ಅಲ್ಲೇ, ಜೊತೆಗೆ ರಿಲೇ. ಮುಚ್ಚಳ ತೆಗೆದು ಒರೆಸಿ ಹೊಸ ಗ್ರೀಸು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮುಚ್ಚಳ ತೆಗೆಯುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿರಿ. ವೈಪರಿನ ಕಬ್ಬಿಣದ ಕೀಲುಗಳ ನಡುವೆ ಬೆರಳು ಸಿಕ್ಕಿದರೆ ಅದು ಬೆರಳೆಂದು ನೋಡುವುದಿಲ್ಲ.

ವೈಪರು ಓಡುತ್ತದೆ, ಆದರೆ ನಿಧಾನ. ಅದಕ್ಕೆ ಕಾರಣ ಕರೆಂಟೂ ಇರಬಹುದು, ಕಬ್ಬಿಣವೂ ಇರಬಹುದು. ಎಂಜಿನ್ ಜೋರು ಮಾಡಿದಾಗ ವೈಪರೂ ಬಹಳ ಚುರುಕಾಗುವುದಾದರೆ ಬ್ಯಾಟರಿ ಮತ್ತು ಡೈನಮೊ ಕಡೆ ನೋಡಿ. ಎಂಜಿನ್ ನಿಂತಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟು, ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು ತೋರಿಸಬೇಕು. ಅದು ಸರಿಯಿದ್ದರೆ ಮೋಟಾರಿನಿಂದ ಕೀಲುಗಳನ್ನು ಕಳಚಿ ಮೋಟಾರನ್ನು ಬರಿದೇ ಓಡಿಸಿ. ಬರಿದೇ ಚೆನ್ನಾಗಿ ಓಡಿದರೆ ಅದರ ತಪ್ಪಲ್ಲ. ವೈಪರಿನ ತೋಳುಗಳನ್ನು ಹೊತ್ತ ಕಂಬಿಗಳು ತುಕ್ಕು ಹಿಡಿದು ಬಿಗಿದಿವೆ. ಎಣ್ಣೆ ಬಿಟ್ಟು, ಕೈಯಿಂದ ಆಡಿಸಿ ಸಡಿಲ ಮಾಡಿ. ಗಾಜಿನ ಬುಡದ ತೋಡಿನಲ್ಲಿ ಸಿಲ್ವರ್ ಓಕಿನ ಎಲೆ, ಹಲಸಿನ ಎಲೆ ತುಂಬಿ ನೀರು ಇಳಿಯುವ ತೂತು ಕಟ್ಟಿಕೊಂಡರೆ ನೀರೆಲ್ಲ ಹೋಗುವುದು ಈ ಕಂಬಿಗೆ ಮತ್ತು ಮೋಟಾರಿಗೆ. ಮಳೆಗಾಲಕ್ಕೆ ಮುಂಚೆ ತೋಟದ ಬಸಿಗಾಲುವೆ ಬಿಡಿಸುತ್ತೀರಲ್ಲ, ಅವತ್ತೇ ಇದನ್ನೂ ಬಿಡಿಸಿಬಿಡಿ.

ಹಿರಿಯರಿಗೆ ನೆನಪಿರಬಹುದು, ಹಳೆಯ ವಿಲ್ಲಿಸ್ ಜೀಪುಗಳಲ್ಲಿ ವೈಪರಿಗೆ ಕರೆಂಟೇ ಇರಲಿಲ್ಲ. ಎಂಜಿನ್ ಗಾಳಿಯನ್ನು ಒಳಕ್ಕೆ ಹೀರುವ ಬಲದಿಂದಲೇ ಅದು ಆಡುತ್ತಿತ್ತು. ಏರು ಬಂದು ಆಕ್ಸಿಲರೇಟರ್ ಒತ್ತಿದರೆ ಹೀರುವ ಬಲ ಕಡಿಮೆಯಾಗಿ ವೈಪರು ಸೊರಗಿ ನಿಲ್ಲುತ್ತಿತ್ತು. ಘಾಟಿ ಹತ್ತುವಾಗ ಕಾಲು ಎತ್ತಿ ಎತ್ತಿ ಗಾಜು ಒರೆಸಿಕೊಳ್ಳಬೇಕು. ಅದಕ್ಕೂ ಹಿಂದೆ, 1903ರಲ್ಲಿ, ಅಮೆರಿಕದ ಮೇರಿ ಆಂಡರ್ಸನ್ ಎಂಬಾಕೆ ಪೇಟೆಂಟ್ ಪಡೆದ ವೈಪರನ್ನು ಒಳಗಿನಿಂದ ಕೈಯಲ್ಲಿ ಎಳೆದು ಆಡಿಸಬೇಕಾಗಿತ್ತು. ಆ ಕಷ್ಟ ನೋಡಿದರೆ ನಮ್ಮದು ಸುಖವೇ.

ಇನ್ನು ವಾಷರು. ಇದರಲ್ಲಿ ಕಿವಿಯೇ ಟೆಸ್ಟ್ ಲ್ಯಾಂಪು. ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ತಿರುಗಿಸಿ ವಾಷರಿನ ಗುಂಡಿ ಒತ್ತಿ. ನೀರಿನ ಡಬ್ಬಿಯ ಹತ್ತಿರ ಇನ್ನೊಬ್ಬರನ್ನು ನಿಲ್ಲಿಸಿ. ಗುಂಯ್ ಎಂದು ಸದ್ದು ಬಂದು ನೀರು ಬರದಿದ್ದರೆ ಕರೆಂಟಿನ ತೊಂದರೆಯಲ್ಲ, ನೀರಿನ ತೊಂದರೆ. ಸದ್ದೇ ಇಲ್ಲದಿದ್ದರೆ ಕರೆಂಟಿನ ತೊಂದರೆ ಎಂದುಕೊಂಡು ಮೊದಲು ಹೇಳಿದಂತೆ ಫ್ಯೂಸು, ಗುಂಡಿ, ಅರ್ಥಿಂಗ್ ಎಂದು ನೋಡುತ್ತ ಹೋಗಿ. ಅನೇಕ ಗಾಡಿಗಳಲ್ಲಿ ವೈಪರಿಗೂ ವಾಷರಿಗೂ ಒಂದೇ ಫ್ಯೂಸು. ವೈಪರು ಓಡುತ್ತಿದ್ದರೆ ಫ್ಯೂಸಿನ ಚಿಂತೆ ಬೇಡ. ಪಂಪಿನ ಎರಡು ತಂತಿಯ ಕಪ್ಲರು ಕಳಚಿ, ಆ ಎರಡು ತಂತಿಗಳ ನಡುವೆಯೇ ದೀಪ ಹಿಡಿದು ಗುಂಡಿ ಒತ್ತಿಸಿ. ದೀಪ ಚೆನ್ನಾಗಿ ಉರಿದರೆ ಹೋಗುವ ದಾರಿ, ಬರುವ ದಾರಿ ಎರಡೂ ಸರಿ. ಪಂಪೇ ಬಿಗಿದಿದೆ ಅಥವಾ ಸುಟ್ಟಿದೆ. ಡಬ್ಬಿಯಲ್ಲಿ ನೀರಿಲ್ಲದೆ ಗುಂಡಿ ಒತ್ತುತ್ತಲೇ ಇದ್ದರೆ ಪಂಪು ಬೇಗ ಕೆಡುತ್ತದೆ, ನೀರಿಲ್ಲದ ಬಾವಿಯಲ್ಲಿ ಓಡಿಸಿದ ನಿಮ್ಮ ಮೋಟಾರಿನ ಹಾಗೆಯೇ. ಹೊಸ ಪಂಪು ಹಾಕಿದ ಮೇಲೆ ಸದ್ದು ಬಂದರೂ ನೀರು ಸೊರಗಿ ಬಂದರೆ ಎರಡು ತಂತಿ ಅದಲುಬದಲಾಗಿ ಪಂಪು ಉಲ್ಟಾ ತಿರುಗುತ್ತಿರಬಹುದು. ಬದಲಿಸಿ ನೋಡಿ.

ಸದ್ದಿದ್ದು ನೀರಿಲ್ಲದಿದ್ದರೆ ಪೈಪನ್ನು ಡಬ್ಬಿಯಿಂದ ಹಿಡಿದು ನೋಡುತ್ತ ಬನ್ನಿ. ಪಂಪಿನ ಬಾಯಿಯ ಜಾಲರಿಯಲ್ಲಿ ಪಾಚಿ, ನಡುವೆ ಮಡಚಿದ ಪೈಪು, ಕಡೆಯಲ್ಲಿ ಕಟ್ಟಿದ ನಾಝಲ್. ತೋಟಕ್ಕೆ ಹನಿ ನೀರಾವರಿ ಹಾಕಿಸಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಡ್ರಿಪ್ಪರಿನ ಬಾಯಲ್ಲಿ ಬೆಳ್ಳಗೆ ಕಟ್ಟುವ ಬೋರಿನ ನೀರಿನ ಸುಣ್ಣವೇ ನಾಝಲ್ಲಿನ ಬಾಯಲ್ಲೂ ಕಟ್ಟುತ್ತದೆ. ತೆಳ್ಳನೆಯ ಸೂಜಿಯಿಂದ ಚುಚ್ಚಿ, ಪೈಪು ಕಳಚಿ ಹಿಮ್ಮುಖವಾಗಿ ಗಾಳಿ ಊದಿ. ಡಬ್ಬಿಗೆ ಬೋರಿನ ನೀರಿಗಿಂತ ಬಟ್ಟೆಯಲ್ಲಿ ಸೋಸಿದ ಮಳೆ ನೀರು ಒಳ್ಳೆಯದು. ಸೋಪಿನ ಪುಡಿ ಹಾಕಬೇಡಿ, ಅದೂ ಕಟ್ಟುತ್ತದೆ. ಮಳೆ ಇರುವಾಗ ವಾಷರು ಯಾಕೆ ಎಂದು ಉದಾಸೀನ ಮಾಡುವವರಿಗೆ ಒಂದು ಮಾತು. ಮಳೆ ಬಿಟ್ಟ ಅರ್ಧ ಗಂಟೆಗೆ ಎದುರಿನ ಲಾರಿ ಎರಚುವ ಕೆಸರನ್ನು ವೈಪರು ಒಣಗಾಜಿನ ಮೇಲೆ ಬಳಿದು ಗೋಡೆಗೆ ಸಗಣಿ ಸಾರಿಸಿದಂತೆ ಮಾಡುತ್ತದೆ. ಆಗ ವಾಷರಿಲ್ಲದ ವೈಪರಿಗಿಂತ ವೈಪರಿಲ್ಲದ ಗಾಜೇ ಮೇಲು.

ದಾರಿಯಲ್ಲಿ, ಮಳೆಯಲ್ಲಿ, ರಾತ್ರಿಯಲ್ಲಿ ವೈಪರು ನಿಂತರೆ ಏನು ಮಾಡಬೇಕು? ಇಂಡಿಕೇಟರು ನಾಲ್ಕನ್ನೂ ಹಾಕಿ, ವೇಗ ತಗ್ಗಿಸಿ, ತಿರುವಿನಲ್ಲಲ್ಲದೆ ಹಿಂದಿನವರಿಗೆ ಕಾಣುವ ನೇರ ಜಾಗದಲ್ಲಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಮೊದಲು ಕಿವಿಗೊಡಿ. ಮೋಟಾರಿನ ಸದ್ದಿದ್ದು ತೋಳು ಆಡದಿದ್ದರೆ ತೋಳಿನ ಬುಡದ ನಟ್ಟು ಸಡಿಲವಾಗಿರಬಹುದು. ಒಂದು ಸ್ಪ್ಯಾನರಿನಲ್ಲಿ ಮುಗಿಯುತ್ತದೆ. ಸದ್ದಿಲ್ಲದಿದ್ದರೆ ಫ್ಯೂಸು ನೋಡಿ. ಬಿಡಿ ಫ್ಯೂಸು ಇಲ್ಲದಿದ್ದರೆ ರೇಡಿಯೊದ ಫ್ಯೂಸು ಅದೇ ಆಂಪಿಯರಿನದಾದರೆ ತೆಗೆದು ಹಾಕಿ. ಆ ಹೊತ್ತಿಗೆ ನಮ್ಮ ಕಾರ್ಯಕ್ರಮ ಕೇಳದಿದ್ದರೂ ಚಿಂತೆಯಿಲ್ಲ. ಅದಾಗದಿದ್ದರೆ ಮಳೆ ಕಡಿಮೆಯಾಗುವವರೆಗೆ ಕೂತಿರಿ. ಗಾಜಿಗೆ ಹೊಗೆಸೊಪ್ಪು ಉಜ್ಜಿದರೆ ನೀರು ಹನಿಗಟ್ಟದೆ ಹಾಳೆಯಂತೆ ಇಳಿಯುತ್ತದೆ ಎಂದು ಹಳೆಯ ಚಾಲಕರು ಹೇಳುತ್ತಾರೆ. ಸ್ವಲ್ಪ ನಿಜವೂ ಹೌದು. ಹಗಲಲ್ಲಿ, ನಡಿಗೆಯ ವೇಗದಲ್ಲಿ ಹತ್ತಿರದ ಮನೆಯವರೆಗೆ ಹೋಗುವುದಕ್ಕೆ ಆದೀತು. ರಾತ್ರಿ ಎದುರಿನ ದೀಪ ಬಿದ್ದರೆ ಆ ಗಾಜಿನಲ್ಲಿ ಏನೂ ಕಾಣುವುದಿಲ್ಲ. ರಾತ್ರಿ ಬೇಡ.

ಗಾಡಿಯಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಅದರಲ್ಲಿ ನಿಮ್ಮ ಗಾಡಿಗೆ ಸರಿಹೊಂದುವ ನಾಲ್ಕು ಫ್ಯೂಸು, ನಾನು ಹೇಳಿದ ದೀಪ, ಒಂದು ತುಂಡು ಎಮರಿ ಕಾಗದ, ವೈಪರಿನ ನಟ್ಟಿಗೆ ಕೂರುವ ಸ್ಪ್ಯಾನರು, ಎರಡು ಮಾರು ದಪ್ಪ ತಂತಿ.

ಕೆಲಸ ಮುಗಿದ ಮೇಲೆ ಗೌಡರನ್ನು ಕೇಳಿದೆ:

"ತೆಗೆದು ಹಾಕಿದ ಹಳೇ ಮೋಟಾರು ಎಂತ ಮಾಡಿದ್ರಿ ಗೌಡ್ರೇ?"

"ಗುಜರಿಗೆ ಹಾಕಣ ಅಂತ ಅಟ್ಟದ ಮೇಲೆ ಎಸ್ದಿದೀನಿ. ಎಂತಕ್ಕೆ?"

"ನಾಳೆ ತನ್ನಿ, ನೋಡುವ."

ಮರುದಿನ ಚೀಲದಲ್ಲಿ ಸುತ್ತಿಕೊಂಡು ತಂದರು. ಬೆಂಚಿನ ಮೇಲಿಟ್ಟು ಬ್ಯಾಟರಿಯ ಎರಡು ತಂತಿ ಮುಟ್ಟಿಸಿದೆ. ನಿಧಾನದ್ದೂ ಓಡಿತು, ಜೋರಿನದ್ದೂ ಓಡಿತು. ಗೌಡರು ತಿರುಗುತ್ತಿದ್ದ ಮೋಟಾರನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಆ ಹೆಂಗಸಿನ ಹಸಿಗೆ ಔಷಧ ತಗಂಡು ಹೋಗ್ಬೇಕು, ಕಾಲು ಊದಿದೆ" ಎಂದು ಹೇಳಿ ಮೋಟಾರನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟರು.